ತಪ್ಪು ವಿಳಾಸ

ಅಲ್ಫಾಮಾದ ಇಳಿಜಾರು ಬೀದಿಯಲ್ಲಿ
ಸುಣ್ಣಕಲ್ಲಿನ ಪಕ್ಕ ಕರಿಗಲ್ಲು, ಕರಿಗಲ್ಲಿನ ಪಕ್ಕ ಸುಣ್ಣಕಲ್ಲು.
ಇಪ್ಪತ್ತೆಂಟು ವರ್ಷದಿಂದ ಅಡೆಲಿನೊ
ಗೇಣೆತ್ತರದ ಮಣೆಯ ಮೇಲೆ ಕೂತು
ಲಿಸ್ಬನ್ನಿನ ಕಾಲಡಿಯನ್ನು ಜೋಡಿಸುತ್ತಿದ್ದಾನೆ.
ಊರಿಗೆಲ್ಲ ನೆಲ ಸಪಾಟು.
ಅವನ ಸೊಂಟವೊಂದು ಮಾತ್ರ ನೆಟ್ಟಗಾಗದು.

ಏಳುವುದೆಂದರೆ
ಮೊದಲು ಒಂದು ಕೈ ಮೊಣಕಾಲಿಗೆ,
ಇನ್ನೊಂದು ಗೋಡೆಗೆ,
ಆಮೇಲೆ ಒಂದು ಬೈಗುಳ.
ಬೈಗುಳವಿಲ್ಲದೆ ಎದ್ದ ದಿನ ಅವನಿಗೆ ನೆನಪಿಲ್ಲ.

ಎಕ್ಸ್‌ರೇ ನೋಡಿ ಮೂಳೆ ಚೆನ್ನಾಗಿದೆ ಎಂದರು.
ಚೆನ್ನಾಗಿರುವ ಮೂಳೆಯನ್ನು ಹೊತ್ತು
ನರಳುತ್ತಲೇ ಮೆಟ್ಟಿಲಿಳಿದು ಬಂದ.
ಮುಲಾಮು, ಬಿಸಿನೀರಿನ ಚೀಲ, ಮಾವ ಕೊಟ್ಟ ಚರ್ಮದ ಬೆಲ್ಟು,
ಎಲ್ಲವೂ ನೋಯುವ ಜಾಗಕ್ಕೇ.

ಬಿರಡೆ ಕಾರ್ಖಾನೆಯಲ್ಲಿ ಬೆನ್ನು ಸವೆಸಿ ನಿವೃತ್ತಳಾದ
ಮೇಲಿನ ಮಹಡಿಯ ಜುಲ್ಮೀರಾ
ಒಂದು ಸಂಜೆ ದಾರಿಗೆ ಅಡ್ಡ ನಿಂತಳು.
“ನೋವು ತನ್ನ ವಿಳಾಸ ಸುಳ್ಳು ಹೇಳುತ್ತೆ, ಮಾರಾಯ.
ಎತ್ತಿಗೆ ಜ್ವರ, ನೀನು ಎಮ್ಮೆಗೆ ಬರೆ ಹಾಕ್ತಾ ಕೂತಿದೀಯ.”
ಅಂದವಳೇ ಹೆಬ್ಬೆರಳಿಂದ
ಪ್ಯಾಂಟಿನ ಹಿಂಜೇಬಿನ ಮೇಲೆ, ತುಸು ಬದಿಗೆ,
ಒಂದು ಕಡೆ ಒತ್ತಿದಳು.
ಅವನು ಚೀರಿದ ಸದ್ದಿಗೆ ಎದುರುಮನೆ ಕಿಟಕಿ ತೆರೆಯಿತು.
ಕಡಲೆಕಾಳಿನಷ್ಟು ಗಂಟು.
ಅಲ್ಲೆಲ್ಲೋ ಅಡಗಿ ಕೂತು
ಇಡೀ ಬೆನ್ನಿಗೆ ಬೆಂಕಿ ಇಟ್ಟದ್ದು ಇದೇ.

ಈಗ ರಾತ್ರಿ ಊಟವಾದ ಮೇಲೆ
ಅಡುಗೆಮನೆಯ ನೀಲಿ ಟೈಲಿನ ಗೋಡೆಗೆ ಒರಗಿ ನಿಲ್ಲುತ್ತಾನೆ,
ನಡುವೆ ಒಂದು ಹಳೇ ಟೆನಿಸ್ ಚೆಂಡು.
ಚೆಂಡು ನಾಯಿಯದು.
ಪಿಂಗಾ ಎದುರಿಗೆ ಕೂತು ಕಾಯುತ್ತದೆ:
ಈಗ ಎಸೆಯುತ್ತಾನೆ, ಈಗ ಎಸೆಯುತ್ತಾನೆ.

ಮೂಳೆಯ ಮೇಲಲ್ಲ, ಬದಿಯ ಮಾಂಸದ ಮೇಲೆ
ಇಷ್ಟಿಷ್ಟೇ ಉರುಳಿಸಿ,
ಕಲ್ಲಿಗೆ ಅದರ ಜಾಗ ಹುಡುಕುವ ಹಾಗೆ.
ಅಲ್ಲಿ.
ನಿಲ್ಲು.

ಮೊದಲ ಸಲ ಸುತ್ತಿಗೆ ಹಿಡಿದವನ ಹಾಗೇ ಒತ್ತಿದ್ದ;
ಮಾರನೆಯ ದಿನ ಗೋಡೆಯಷ್ಟೇ ನೀಲಿ ಅವನ ಚರ್ಮ.
“ಕಲ್ಲಲ್ಲವೋ ಅದು,” ಜುಲ್ಮೀರಾ ರೇಗಿದ್ದಳು,
“ಮುನಿಸಿಕೊಂಡವರ ಬಾಗಿಲು. ತಟ್ಟು, ಒದೀಬೇಡ.”

ಆದ್ದರಿಂದ ಉಸಿರು ಬಿಡುತ್ತಾನೆ, ಎಣಿಸುತ್ತಾನೆ.
ಹನ್ನೊಂದು. ಹನ್ನೆರಡು. ಬಾಯಲ್ಲಿನ್ನೂ ಮೀನಿನ ಉಪ್ಪು.
ಇಪ್ಪತ್ತರ ಹೊತ್ತಿಗೆ ಅಪ್ಪ ಬರುತ್ತಾನೆ.
ಅದೇ ಮಣೆ, ಅದೇ ಸುತ್ತಿಗೆ,
ಕೊನೆಗೆ ಕೊಕ್ಕೆಯ ಹಾಗೆ ಬಾಗಿ
ತಾನು ಹಾಸಿದ ನೆಲವನ್ನಲ್ಲದೆ
ಬೇರೇನನ್ನೂ ನೋಡದೆ ಹೋದವನು.
ಅವನಿಗೆ ಯಾರೂ ಒಂದು ಚೆಂಡು ಕೊಡಲಿಲ್ಲ.

ಮೂವತ್ತೆಂಟು.
ಏನೋ ಒಂದು, ತುಂಬಾ ಒಳಗೆ,
ಬಿಗಿಹಿಡಿದಿದ್ದ ಮುಷ್ಟಿಯ
ಒಂದು ಬೆರಳು ಬಿಚ್ಚುತ್ತದೆ.
ಒಂದೇ.
ಉಳಿದ ನಾಲ್ಕಕ್ಕೆ ನಾಳೆ ಇದೆ, ನಾಳೆ ಮತ್ತದೇ ಮಣೆಯೂ ಇದೆ.

ಗೋಡೆಯಿಂದ ಸರಿದಾಗ ಚೆಂಡು ಬಿತ್ತು,
ಮೇಜಿನ ಕೆಳಗೆ ಹೋಯಿತು, ಹಿಂದೆಯೇ ಪಿಂಗಾ.
ಬಾಗಿ, ಬಾಲ ಹಿಡಿದು ಎಳೆದು, ಚೆಂಡು ಕಿತ್ತುಕೊಂಡು ಎದ್ದ.
ಎದ್ದ ಮೇಲೆ ಹೊಳೆಯಿತು,
ಬೈಯುವುದು ಮರೆತಿದ್ದ.
ಮರೆತದ್ದಕ್ಕೆ ಒಂದು ಬೈದ.