ಮಾತ್ರ

"ಚೆಕ್ಕು ಅಂದ್ರೆ ಏನ್ರೀ, ಸರಾ?"
ಕೌಂಟರಿನ ಗಾಜಿನ ಸಂದಿಗೆ ಬಾಯಿಟ್ಟು ಚಮನ್‌ಬಿ ಕೇಳಿದಾಗ
ಮಂಡಿಪೇಟೆ ಶಾಖೆಯಲ್ಲಿ ಹತ್ತೊಂಬತ್ತು ವರ್ಷ
ಮೊಹರು ಒತ್ತಿದ ನನಗೆ
ತಟ್ಟನೆ ಉತ್ತರ ಹೊಳೆಯಲಿಲ್ಲ.

ಅವಳಿಗೆ ಗೊತ್ತಿದ್ದವು ಬೇರೆ:
ಗಂಡನ ಲುಂಗಿಯ ನೀಲಿ ಚೆಕ್ಸು,
ಹರಿಹರದ ಬಸ್ಸಿಗೆ ನಡುದಾರಿಯಲ್ಲಿ ಹತ್ತುವ ಚೆಕ್ಕಿಂಗಿನವರು,
ಭಟ್ಟಿಯ ಮರಳು ಕಾದಿತೋ ಇಲ್ಲವೋ ಎಂದು
ಒಂದೇ ಒಂದು ಕಾಳು ಎಸೆದು ನೋಡುವುದು;
ಅದಕ್ಕೂ ಮಗ ಚೆಕ್ ಮಾಡಮ್ಮಾ ಅನ್ನುತ್ತಾನಂತೆ.

ಕನ್ನಡದಲ್ಲಿ ಧನಾದೇಶ, ಎಂದೆ.
ನವೆಂಬರಿನಲ್ಲಿ ನಾವು ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿದೆ ಆ ಪದ.
ಯಾರ ಬಾಯಲ್ಲೂ ಕೇಳಿಲ್ಲ, ನನ್ನ ಬಾಯಲ್ಲೂ
ಅದೇ ಮೊದಲು.
"ಆದೇಶ? ಯಾರು ಯಾರಿಗೆ?"
ನೀವು, ಬ್ಯಾಂಕಿಗೆ.
ಬುರ್ಖಾದ ತೋಳಿನ ಹೊಟ್ಟಿನ ಧೂಳು ಉದುರುವಂತೆ ನಕ್ಕಳು.
"ನಾ ಹೇಳೋದು, ನೀವು ಕೇಳೋದು?"
ಹೌದು. ಖಾತೆಯಲ್ಲಿ ಹಣ ಇರುವ ತನಕ.

ಮಲೇಬೆನ್ನೂರಿನ ಕೊಟ್ರಬಸಪ್ಪನಿಗೆ ಭತ್ತದ ಬಾಬ್ತು.
ನೋಟು ಬೇಡ, ಲೆಕ್ಕಕ್ಕೆ ಸಿಗುವ ರೊಕ್ಕ ಕೊಡು ಅಂದಿದ್ದನಂತೆ.
ಅಂಕಿ ಬರೆದಳು. ಆಮೇಲೆ, ರಾತ್ರಿಶಾಲೆಯ ದುಂಡಕ್ಷರದಲ್ಲಿ,
ನಾಲಿಗೆ ತುಟಿಯಂಚಿಗೆ ಬಂದು ಕೂತಿರಲು,
ಹದಿನೆಂಟು ಸಾವಿರದ ನಾನೂರು.
ಕೊನೆಗೆ 'ಮಾತ್ರ' ಸೇರಿಸಿ, ಎಂದೆ.

ದಾರ ಕಟ್ಟಿದ ಪೆನ್ನು ಅಲ್ಲೇ ನಿಂತಿತು.
"ಮಾತ್ರ ಯಾಕ್ರೀ?
ಹದಿನೆಂಟು ಸಾವಿರ ನಿಮ್ಗೆ ಮಾತ್ರ ಇರಬಹುದು.
ನನ್ಗೆ ಮೂರು ತಿಂಗಳ ಹೊಗೆ."
ಹಾಗಲ್ಲ, ಅದೊಂದು ಬೇಲಿ,
ಮುಂದೆ ಯಾರೂ ಏನೂ ನುಗ್ಗಿಸದ ಹಾಗೆ.
ಬೇಲಿ ಅಂದರೆ ಅವಳಿಗೆ ತಿಳಿಯುತ್ತದೆ.
ಬರೆದಳು ಮಾತ್ರ, ಮೇಲೊಂದು ಗೆರೆ,
ಕಾಗದದ ಅಂಚು ದಾಟಿ ಮೇಜಿನ ಮೇಲೂ ಒಂದಿಷ್ಟು.

ಶುಕ್ರವಾರ ಪರದೆಯ ಮೇಲೆ ಇಬ್ಬರು:
ಖಾತೆ ತೆರೆದ ದಿನದ ಚಮನ್‌ಬಿ, ಮಂಗಳವಾರದ ಚಮನ್‌ಬಿ.
ಒಬ್ಬಳ 'ಚ' ನೆಟ್ಟಗೆ ಕೂತಿದೆ,
ಇನ್ನೊಬ್ಬಳದು ಒಲೆಗೆ ಬಾಗಿದೆ.
ಅವಳು ಸಹಿ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ.
ಕಂಡ ಕಣ್ಣಿಗೆ ನಿಯಮದಲ್ಲಿ ಕಲಮಿಲ್ಲ.
ಕಾರಣ ಸಂಖ್ಯೆ ಹನ್ನೆರಡು: ಸಹಿ ಹೊಂದುವುದಿಲ್ಲ.
ವಾಪಸ್ಸು ಕಳಿಸಿದವನು ನಾನೇ.

ಸೋಮವಾರ ಬಂದಳು. ಕೂಗಾಡಲಿಲ್ಲ.
ಚೀಲಕ್ಕೆ ಕೈಹಾಕಿ ಒಂದು ಹಿಡಿ ಮಂಡಕ್ಕಿ
ಗಾಜಿನ ಕೆಳಗೆ ಸುರಿದಳು, ನನ್ನ ಲೆಡ್ಜರಿನ ಮೇಲೆ.
"ಒಂದೇ ಭತ್ತ, ಒಂದೇ ಮರಳು, ಹುರಿದಿದ್ದು ಒಂದೇ ಕೈ.
ಇದರಾಗೆ ಒಂದರಂಗೆ ಒಂದಿರೋ ಎರಡು ಹುಡುಕಿ ಕೊಡ್ರಿ.
ನಾ ಸಹಿ ತಿದ್ಕೊಂತೀನಿ."

ಹುಡುಕಿದೆ.
ಸಾಲಿನಲ್ಲಿದ್ದವರು ಕೆಮ್ಮಿದರು, ಹಿಂದಿನಿಂದ ಯಾರೋ
ಸರ್ವರ್ ಡೌನಾ ಎಂದು ಕೇಳಿದರು.
ಬೆರಳಿಗೆ ಅಂಟಿದ್ದನ್ನು ಬಾಯಿಗಿಟ್ಟೆ,
ತುಸು ಉಪ್ಪು, ತುಸು ಹೊಗೆ.

ಹೊಸ ಸಹಿ ಕಾರ್ಡು ಕೊಟ್ಟೆ, ಮೂರು ಚೌಕ.
ಮೂರರಲ್ಲೂ ಬರೆದಳು, ನಿಧಾನವಾಗಿ,
ಮೂವರು ಚಮನ್‌ಬಿಯರು.
ಮೂವರಿಗೂ ಮೊಹರು ಒತ್ತಿದೆ.