ಕ್ಷೌರ

ಬೆಳಿಗ್ಗೆ ಹೊರಡುವಾಗ ಅಮ್ಮ
ಫ್ಲಾಸ್ಕಿನ ತುಂಬ ಬಿಸಿನೀರು ಕೊಟ್ಟಳು.
ಒಣತಲೆಗೆ ಕತ್ತಿ ಇಡಬೇಡ, ಉರಿಯುತ್ತದೆ, ಅಂದಳು.
ಯಾರ ತಲೆ ಅನ್ನಲಿಲ್ಲ.
ಹನ್ನೊಂದು ವರ್ಷದಿಂದ ಆ ಹೆಸರು
ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬಂದದ್ದಿಲ್ಲ,
ಅಪ್ಪನ ಬಾಯಿಗೆ ಬಿಟ್ಟು. ಅದೂ ಒಮ್ಮೆ,
ಹೊಲ ಎಷ್ಟು, ಸಾಲ ಎಷ್ಟು, ಎಲ್ಲ ಹೇಳಿ ಮುಗಿಸಿದ ಮೇಲೆ
ಕೊನೆಯುಸಿರಿಗೆ ಉಳಿದ ಬಾಕಿ ಎಂಬಂತೆ:
ಆರ್ಬಿ.

ಹುಲ್ಲುಗಾವಲಿನ ಗಡಿಕಲ್ಲು ಎರಡು ಮೊಳ ಸರಿದಿತ್ತು, ಅಷ್ಟೆ.
ಎರಡು ಮೊಳಕ್ಕೆ ನನ್ನ ತಮ್ಮ ಲೋಮಲಿ
ಆರಡಿ ಹಿಡಿದು ಮಲಗಿದ.

ಅಂದಿನಿಂದ ಪ್ರತಿ ಶುಕ್ರವಾರ ನಮಾಜಿಗೆ ಮುಂಚೆ
ಅಪ್ಪನ ಕ್ಷೌರದ ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆದಿದ್ದೇನೆ.
ಗಡ್ಡಕ್ಕೆ ಬೇರೆ ಕತ್ತಿ ಇತ್ತು.
ದೇವರಿಗೂ ಗೊತ್ತಿತ್ತು, ನೆರೆಯವರಿಗೂ ಗೊತ್ತಿತ್ತು.

ಹಿರಿಯರು ಮೂರು ಚಳಿಗಾಲ ಬಾಗಿಲಿಗೆ ಬಂದರು,
ಚಹಾ ಮುಟ್ಟದೆ ಎದ್ದು ಹೋದರು.
ನಾಲ್ಕನೆಯದಕ್ಕೆ, ಬರಲಿ ಅಂದೆ.
ಬರಲಿ ಅಂದೆ. ಬಿಡುತ್ತೇನೆ ಅನ್ನಲಿಲ್ಲ.

ಕಾಕಸಸ್ಸಿನ ಬೆಟ್ಟಕ್ಕೆ ವಸಂತ ಕೆಸರು ಮೆತ್ತಿಕೊಂಡೇ ಬರುತ್ತದೆ.
ಅರ್ಗುನ್ ಹೊಳೆಯಾಚೆಯ ಬಯಲಲ್ಲಿ
ಈಚೆ ನಾವು ಎಂಬತ್ತು ಗಂಡಸರು,
ಆಚೆ ಅವರ ಕುಲ ಮುನ್ನೂರು,
ತುಪ್ಪಟದ ಟೋಪಿ ಕೈಯಲ್ಲಿ, ತಲೆ ತಗ್ಗಿಸಿ.
ನಡುವೆ ಅವನು. ಕಪ್ಪು ನಿಲುವಂಗಿ, ಮುಖ ಮುಚ್ಚಿದ ಮುಸುಕು,
ರೂಢಿಯಂತೆ ಅಂದಿನಿಂದ ಕತ್ತರಿ ಕಾಣದ ಕೂದಲು, ಎದೆಗಿಳಿದ ಗಡ್ಡ.

ಮುಸುಕು ಸರಿಸಿದೆ. ನಾನು ಕಾದಿಟ್ಟ ಮುಖ ಅಲ್ಲಿರಲಿಲ್ಲ.
ಹಲ್ಲುದುರಿದ ಯಾರೋ ಮುದುಕ,
ನನಗಿಂತ ಆರು ವರ್ಷ ಚಿಕ್ಕವನು.

ಸ್ಟೂಲಿನ ಮೇಲೆ ಕೂತ. ನೀರು ಸುರಿದೆ, ಹಬೆ ಎದ್ದಿತು.
ಗದ್ದ ಹಿಡಿದು ತಲೆ ಹಿಂದಕ್ಕೆ ಒರಗಿಸಿದೆ.
ಗಂಟಲಗಂಟು ಏರಿತು, ಇಳಿಯಿತು.
ಬಿಸ್ಮಿಲ್ಲಾ, ಅಂದೆ.
ಅಲ್ಲಿ ನಿಂತಿತು ನಾಲಿಗೆ.

ಕುರಿ ಕೊಯ್ಯುವಾಗ ನಾವು ಅಲ್ಲಿಗೇ ನಿಲ್ಲಿಸುತ್ತೇವೆ.
ದೇವರ ಹೆಸರು ಹೇಳುತ್ತೇವೆ, ಅವನು ದೊಡ್ಡವನು ಅನ್ನುತ್ತೇವೆ;
ಕರುಣಾಳು, ದಯಾಳು ಅನ್ನುವುದಿಲ್ಲ.
ಕೊರಳ ಮೇಲಿಟ್ಟ ಕತ್ತಿಗೆ ಆ ಎರಡು ಹೆಸರು ಹೊಂದುವುದಿಲ್ಲ
ಎಂದು ಅಜ್ಜ ಕಲಿಸಿದ್ದ.
ಉಳಿದದ್ದಕ್ಕೆಲ್ಲ, ರೊಟ್ಟಿ ಮುರಿಯಲು, ಬೀಜ ಬಿತ್ತಲು,
ಕೂಸಿನ ಮೊದಲ ಕೂದಲು ತೆಗೆಯಲು
ಪೂರ್ತಿ ಹೇಳಬೇಕು.

ನಾನು ಅರ್ಧ ವಾಕ್ಯದಲ್ಲಿ ನಿಂತದ್ದು
ಮುನ್ನೂರ ಎಂಬತ್ತು ಜನರಲ್ಲಿ ಯಾರಿಗೂ ತಿಳಿಯಲಿಲ್ಲ.
ಅವನಿಗೆ ತಿಳಿದಿತ್ತೇನೋ. ಕಣ್ಣು ಮುಚ್ಚಿ
ಉಳಿದರ್ಧಕ್ಕೆ ಕಾಯುತ್ತಿದ್ದ.

ಮನಸ್ಸು ಮೆತ್ತಗಾಗಲಿಲ್ಲ, ಸುಳ್ಳು ಹೇಳಲಾರೆ.
ಲೋಮಲಿಯ ಕಾಲುಚೀಲದ ತೂತು ನೆನಪಾಯಿತು,
ಹೆಣ ತಂದಾಗ ಇಣುಕುತ್ತಿದ್ದ ಹೆಬ್ಬೆರಳು.
ಆದರೆ ದಿನಕ್ಕೆ ಐದು ಹೊತ್ತು ಆ ಎರಡು ಹೆಸರು ಹಿಡಿದೇ
ನನಗಾಗಿ ಬೇಡಿದ್ದೇನೆ.
ಬೇಡುವಾಗ ಒಬ್ಬ ದೇವರು, ಕೊಡುವಾಗ ಇನ್ನೊಬ್ಬನೆ?

ಅರ್ರಹ್ಮಾನ್, ಅಂದೆ. ಗಂಟಲು ಒಣಗಿತ್ತು.
ಅರ್ರಹೀಮ್.
ಕತ್ತಿ ಹಣೆಯಿಂದ ಶುರುವಾಯಿತು.

ಕೂದಲು ಮಂಡಿಗೆ ಬಿತ್ತು, ಕೆಸರಿಗೆ ಬಿತ್ತು.
ಕೆಳಗೆ ಬಿಸಿಲು ಕಾಣದ ತಲೆ,
ಹುಟ್ಟಿದ ದಿನದ ಕುರಿಮರಿಯ ಕಿವಿಯ ಹಾಗೆ ಗುಲಾಬಿ.
ನೆತ್ತಿಯಲ್ಲೊಂದು ಹಳೆಯ ಗಾಯದ ಗುರುತು,
ಮರದಿಂದ ಬಿದ್ದದ್ದಿರಬೇಕು,
ಯಾವುದೋ ತಾಯಿ ಬಾಯಲ್ಲಿ ಊದಿ ಸಮಾಧಾನ ಮಾಡಿದ್ದು.
ಎಡಗಿವಿಯ ಹಿಂದೆ ನನ್ನ ಕೈ ನಡುಗಿ
ಒಂದು ಹನಿ ಬಂತು, ಸಾಸಿವೆಯಷ್ಟು.
ಅಂಗಿಯ ತೋಳಿನಿಂದ ಒರೆಸಿದೆ.
ವಸೂಲಾದ ರಕ್ತ ಅಷ್ಟೆ.

ಅಪ್ಪಿಕೊಳ್ಳಲು ಬಂದ. ನನ್ನಿಂದ ಆಗಲಿಲ್ಲ.
ಕೈ ಕೊಟ್ಟೆ. ಸೋಪಿನ ಕೈ, ಜಾರಿತು.

ಸಂಜೆ ಅಮ್ಮ ನನ್ನ ತೋಳನ್ನು ದೀಪಕ್ಕೆ ಹಿಡಿದು
ಆ ಕಲೆಯನ್ನು ಬಹಳ ಹೊತ್ತು ನೋಡಿದಳು, ಅಳೆಯುವವಳಂತೆ.
ಆಮೇಲೆ ಫ್ಲಾಸ್ಕನ್ನು ಕಿವಿಯ ಹತ್ತಿರ ಅಲುಗಿಸಿ ಕೇಳಿದಳು:
ನೀರು ಸಾಕಾಯಿತೆ?