ಬಾಯಾರಿದ ದೋಣಿ

ಪಾಸ್‌ಪೋರ್ಟಿನಲ್ಲಿ ನಾನು ಬಡಿಗೇರ.
ಉಳಿ ಹಿಡಿದವಳಲ್ಲ.
ಹೋಬಾರ್ಟಿನಲ್ಲಿ ಕಟ್ಟುಹಲ್ಲು ಮಾಡುತ್ತೇನೆ:
ಮೇಣ, ಪ್ಲಾಸ್ಟರು, ಕಂಡವರ ದವಡೆ.
ಆಲ್ಬಿ ಡಿರೀನ್‌ಗೆ ಹೆಸರು ಹೊರಳಲಿಲ್ಲ, ಬ್ಯಾಜರ್ ಅಂದ.
ಇಲ್ಲಿಯ ಹಳಬರು ವೊಂಬ್ಯಾಟನ್ನು ಹಾಗನ್ನುತ್ತಾರಂತೆ.
ನೆಲ ಕೆದರುವ ಗುಂಡು ಪ್ರಾಣಿ. ಇರಲಿ ಅಂದೆ.

ಶೆಡ್ಡಿನಿಂದ ಕಾರು ಬೀದಿಗೆ ಹೋಯಿತು.
ಅದರ ಜಾಗದಲ್ಲಿ ಹನ್ನೊಂದಡಿ ಬೆನ್ನೆಲುಬು,
ಅದಕ್ಕೆ ಒಂದರ ಮೇಲೊಂದು ಹ್ಯೂನ್ ಪೈನಿನ ಹಲಗೆ.
ವರ್ಷಕ್ಕೆ ಕೂದಲೆಳೆಯಷ್ಟೇ ದಪ್ಪಗಾಗುವ ಮರ.
ಅದರ ವಾಸನೆ ನನ್ನ ಜೋಳದ ರೊಟ್ಟಿಗೂ ಹತ್ತಿತು.

ಎಂಬತ್ತೊಂದರ ಆಲ್ಬಿ ಅಳೆಯುವುದಿಲ್ಲ.
ಒಂದು ಕಣ್ಣು ಮುಚ್ಚಿ ನೋಡಿ,
"ಇಲ್ಲಿ ಸುಳ್ಳು ಹೇಳುತ್ತಿದೆ" ಅಂತ ಹೆಬ್ಬೆರಳಿಡುತ್ತಾನೆ.
ನನ್ನ ಅಳತೆಪಟ್ಟಿ
ಒಂದು ಗಂಟೆ ತಡವಾಗಿ ಅದನ್ನೇ ಹೇಳುತ್ತದೆ.

ಆವಿಯ ಪೆಟ್ಟಿಗೆಯಿಂದ ತೆಗೆದ ಹಲಗೆಗೆ
ಅರ್ಧ ನಿಮಿಷದ ವಿನಯ.
ಅಷ್ಟರಲ್ಲಿ ಬಗ್ಗಿಸಬೇಕು, ಆಮೇಲೆ ಅದು ಮತ್ತೆ ಮರ.
ಮೂರನೆಯದು ಸೀಳಿತು. ಅತ್ತೆ.
ಅವನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ,
ಸೀಳಿದ್ದನ್ನು ಎತ್ತಿಟ್ಟ: ಕೂರುವ ಮಣೆಗೆ ಆದೀತು.

ತಾಮ್ರದ ಮೊಳೆ ಬಡಿಯುವಾಗ ಅವನು ಒಳಗೆ.
ನಾನು ಹೊರಗೆ, ಮೊಳೆಯ ತಲೆಗೆ
ಕಬ್ಬಿಣದ ಗುಂಡು ಆನಿಸಿಕೊಂಡು.
ಮುಖ ಕಾಣದು. ಏಟು ಮೊಣಕೈಗೆ ಬರುತ್ತದೆ.
ನನ್ನ ಹಿಡಿತ ಸಡಿಲಾದರೆ ಅವನಿಗೆ ತಿಳಿಯುತ್ತದೆ,
ಅವನು ದಣಿದರೆ ನನಗೆ.
ಎಂಟುನೂರ ಚಿಲ್ಲರೆ ಮೊಳೆ.
ಕಿವಿ ಮಂದವಾದ ಈ ಮನುಷ್ಯನೊಡನೆ ಆಡಿದಷ್ಟು ಮಾತು
ಈ ದೇಶದಲ್ಲಿ ಇನ್ನಾರೊಡನೆಯೂ ಆಡಿಲ್ಲ.

ಸಿಗ್ನೆಟ್‌ನ ದಂಡೆಯಲ್ಲಿ, ಮೊದಲ ದಿನವೇ,
ದೋಣಿ ಸೋರಿತು. ಎಲ್ಲ ಸಂದಿಯಲ್ಲೂ.
ಗಾಳ ಹಾಕಿದ್ದ ಹುಡುಗ ನಕ್ಕ.
ಬಕೆಟ್ಟಿಗೆ ಓಡಿದೆ. ಆಲ್ಬಿ ತಡೆದ:
"ಮುಳುಗಲಿ ಬಿಡು. ಬಾಯಾರಿದೆ."

ಅಯ್ಯೋ, ಇದು ನನಗೆ ಗೊತ್ತಿದ್ದದ್ದೇ!
ಇಂಡಿಯ ಸಂತೆಯಿಂದ ತಂದ ಹೊಸ ಗಡಿಗೆಯನ್ನು
ಅವ್ವ ಹೌದಿನಲ್ಲಿ ಮುಳುಗಿಸಿಡುತ್ತಿದ್ದಳು.
ಕತ್ತಲಲ್ಲಿ ಅದು ಗುಳುಗುಳು ಅನ್ನುವುದು.
"ಕುಡೀಲಿ ತಡಿ. ಆಮ್ಯಾಲ ನಮಗ ಕುಡಸತೈತಿ."
ಇಂಗ್ಲಿಷಿನಲ್ಲಿ ಹೇಳಹೋದೆ, ಗಡಿಗೆ ಒಡೆಯಿತು.
ಅವನು ತಲೆಯಾಡಿಸಿದ, ಕೇಳಿಸಿತೋ ಇಲ್ಲವೋ.

ಮೂರನೆಯ ಬೆಳಗು ನೀರೆತ್ತಿ ಚೆಲ್ಲಿ ಕಾದೆವು.
ತಳದಲ್ಲಿ ಒಂದು ಲೋಟದಷ್ಟು ಉಳಿದದ್ದು
ಎರಡಾಗಲಿಲ್ಲ.
ಆಲ್ಬಿ ಹತ್ತಿ, ಸೀಳಿದ ಹಲಗೆಯ ಮಣೆಯ ಮೇಲೆ ಕೂತು,
ಒಂದು ಹುಟ್ಟನ್ನು ನನ್ನತ್ತ ಚಾಚಿದ:
"ಬ್ಯಾಜರ್, ಈಗ ನೀನೂ ಒಳಗೆ ಬಾ."

ನನಗೆ ಈಜು ಬರುವುದಿಲ್ಲ ಅಂತ
ಆಗ ಹೇಳಿದೆ.